ಕೇಳಿ, ಹೇಳ್ತೀವಿ: ಗುಡುಗಿನ ಅಕ್ಷರದೊಳಗೆ ಹೊಲ ಹೇಗೆ ಬಂತು?

ಹೋದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ಕಳಿಸಿದ, ಗುಡುಗಿನ ಚೀನೀ ಅಕ್ಷರ ಇರೋ ಡಬ್ಬಿಯ ಫೋಟೊ ಹಾಕಿ, ಉತ್ತರ ಮುಂದಿನ ಸಲ ಅಂತ ಬರೆದಿದ್ದೆವು. ಅಷ್ಟಕ್ಕೇ ದುರ್ಗ, ಚಳ್ಳಕೆರೆ, ಜಗಳೂರು ಕಡೆಯಿಂದ ಅದೇ ಅಕ್ಷರ ಹಿಡಿದು ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪುಟ ಪೂರ್ತಿ ಗುಡುಗಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ಸಾರ್, ಮಂಡಿಪೇಟೆಯಲ್ಲಿ ನಮ್ಮದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಸಿಡಿಲು ಬಡಿದಾಗ ಮನೆಯ ಟೀವಿ, ಫ್ರಿಜ್ ಸುಟ್ಟು ಹೋಗದ ಹಾಗೆ ಬೋರ್ಡಿಗೆ ಹಾಕೋ ಸಾಧನ ತರಿಸ್ತೀವಿ. ಡಬ್ಬಿ ಮೇಲೆ ಮೂರು ಚೀನೀ ಅಕ್ಷರ ಇವೆ. ನಡುವಿನದು ಮೇಲೆ ಹನಿ ಬಿದ್ದ ಕಿಟಕಿ, ಕೆಳಗೆ ನಾಲ್ಕು ಮಡಿ ಮಾಡಿದ ಗದ್ದೆ ಇದ್ದ ಹಾಗಿದೆ. ಅಂಗಡಿ ಹುಡುಗ ಮೊಬೈಲಲ್ಲಿ ನೋಡಿ ‘ಇದು ಗುಡುಗು ಅಂತೆ ಅಣ್ಣಾ, ಹೊಲದ ಮೇಲೆ ಮಳೆ ಬಂದ್ರೆ ಗುಡುಗು’ ಅಂದ. ನಂಬಬಹುದಾ? ಗುಡುಗದೇನೂ ಹೊಲದ ಮೇಲೆ ಎಷ್ಟೋ ಸಲ ಮಳೆ ಬರುತ್ತಲ್ಲ!
– ಮಂಡಿಪೇಟೆಯ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ. ಅಕ್ಷರ ಗುಡುಗಿನದೇ, ಅದರಲ್ಲಿ ಹುಡುಗನದೇನೂ ತಪ್ಪಿಲ್ಲ. ಅದನ್ನ ‘ಲೇಯ್’ ಅಂತ ಓದ್ತಾರೆ. ನಾವು ‘ಹೌದಾ?’ ಅಂತ ಕೇಳುವಾಗ ದನಿ ಏರುತ್ತಲ್ಲ, ಹಾಗೆ ಏರಿಸಿ ಹೇಳಬೇಕು. ಡಬ್ಬಿಯ ಮೂರೂ ಅಕ್ಷರ ಸೇರಿದರೆ ಬೀ–ಲೇಯ್–ಚೀ, ಅಂದರೆ ಗುಡುಗು ತಪ್ಪಿಸೋ ಸಾಧನ. ಮೇಲಿನ ಅರ್ಧ ಮಳೆ, ಅದೂ ಸರಿ: ಮೇಲೊಂದು ಅಡ್ಡಗೆರೆ, ಅದರ ಕೆಳಗೆ ಮೋಡ, ನಾಲ್ಕು ಹನಿ. ಕೆಳಗಿನ ಅರ್ಧದಲ್ಲಿ ಮಾತ್ರ ಮೊಬೈಲು ಕೈಕೊಟ್ಟಿದೆ. ಇವತ್ತು ಅದನ್ನ ಹೊಲ ಅನ್ನೋ ಅಕ್ಷರದ ಹಾಗೇ ಬರೀತಾರೆ ನಿಜ. ಆದರೆ ಅದು ಹೊಲವಾಗಿ ಹುಟ್ಟಿದ್ದಲ್ಲ.

ಇದಕ್ಕೆ ಸುಮಾರು 3,200 ವರ್ಷ ಹಿಂದಕ್ಕೆ ಹೋಗಬೇಕು. ಈಗಿನ ಹೆನಾನ್ ಪ್ರಾಂತ್ಯದ ಆನ್‌ಯಾಂಗ್‌ನಲ್ಲಿ ಶಾಂಗ್ ರಾಜರ ರಾಜಧಾನಿ ಇತ್ತು. ಯುದ್ಧ ಇರಲಿ, ಬೆಳೆ ಇರಲಿ, ರಾಣಿಯ ಹೆರಿಗೆ ಇರಲಿ, ಮೊದಲು ಶಾಸ್ತ್ರ ಕೇಳೋರು. ಆಮೆಯ ಹೊಟ್ಟೆ ಚಿಪ್ಪನ್ನೋ ಎತ್ತಿನ ಹೆಗಲ ಮೂಳೆಯನ್ನೋ ತಗೊಂಡು, ಹಿಂದುಗಡೆ ಸಣ್ಣ ಸಣ್ಣ ಗುಳಿ ಕೊರೆದು, ಅಲ್ಲಿ ಬೆಂಕಿಯ ಕಾವು ತಾಕಿಸೋರು. ಮೂಳೆ ಚಿಟ್ ಅಂತ ಬಿರುಕು ಬಿಡೋದು. ಆ ಬಿರುಕು ನೋಡಿ ಶುಭ, ಅಶುಭ ಹೇಳಿ, ಕೇಳಿದ ಪ್ರಶ್ನೆಯನ್ನ ಅದೇ ಮೂಳೆ ಮೇಲೆ ಕೆತ್ತಿಡೋರು. ಚೀನೀ ಬರವಣಿಗೆಯ ತೀರಾ ಹಳೇ ರಾಶಿ ಸಿಕ್ಕಿರೋದು ಇದರಲ್ಲೇ. ಒಂದು ಪ್ರಶ್ನೆ ಹೀಗಿದೆ ನೋಡಿ: ಮೇಲಿರೋ ದೇವರು ಈ ಹದಿಮೂರನೇ ತಿಂಗಳೊಳಗೆ ಗುಡುಗಿಗೆ ಅಪ್ಪಣೆ ಕೊಡ್ತಾನಾ? ಪಕ್ಕದಲ್ಲೇ ಇನ್ನೊಂದು: ಇಲ್ಲಾ, ಬರೋ ವರ್ಷದ ಮೊದಲ ತಿಂಗಳಲ್ಲಿ ಕೊಡ್ತಾನಾ? ಹದಿಮೂರನೇ ತಿಂಗಳು ಅಂದರೆ ಗಾಬರಿ ಬೇಡ. ನಮ್ಮ ಅಧಿಕ ಮಾಸದ ಲೆಕ್ಕವೇ ಅದು, ಅವರು ವರ್ಷದ ಕೊನೆಗೆ ಸೇರಿಸೋರು ಅಷ್ಟೇ. ಮೊದಲ ಗುಡುಗು ಯಾವಾಗ ಅಂತ ಆಕಾಶ ನೋಡ್ಕೊಂಡು ಕೂರೋದು ನಮ್ಮ ಬಯಲುಸೀಮೆಗೂ ಹೊಸದಲ್ಲ, ಅಲ್ವಾ?

ಆ ಮೂಳೆಗಳ ಮೇಲಿನ ಗುಡುಗಿನ ಅಕ್ಷರದಲ್ಲಿ ಮಳೆಯೂ ಇಲ್ಲ, ಹೊಲವೂ ಇಲ್ಲ. ನಡುವೆ ಬಳುಕಿದ ಒಂದು ಗೆರೆ, ಅದರ ಎರಡೂ ಪಕ್ಕ ಒಂದೊಂದು ಸಣ್ಣ ಉಂಡೆ. ಗೆರೆ ಮಿಂಚು, ಉಂಡೆ ಸದ್ದು. ಸ್ವಲ್ಪ ಯೋಚನೆ ಮಾಡಿ, ಸದ್ದನ್ನ ಚಿತ್ರ ಬರೀರಿ ಅಂದರೆ ನೀವು ಏನು ಬರೀತೀರಿ? ಮಿಂಚಿಗೆ ಒಂದು ಸೊಟ್ಟ ಗೆರೆ ಎಳೆದರೆ ಮುಗೀತು. ಸದ್ದಿಗೆ ಆಕಾರವೇ ಇಲ್ಲವಲ್ಲ! ಗುಡುಗುಡು ಅಂತ ಉರುಳೋ ವಸ್ತುವನ್ನ ಬರೆದು ಸದ್ದು ತೋರಿಸಬಹುದು ಅಂತ ಯಾರಿಗೆ ಹೊಳೀತೋ, ಆ ಪುಣ್ಯಾತ್ಮನ ಬಗ್ಗೆ ನನಗಂತೂ ಭಾರೀ ಗೌರವ. ಆ ಉಂಡೆ ನಗಾರಿ ಅಂತ ಕೆಲವರು ಹೇಳ್ತಾರೆ, ಗಾಲಿ ಅಂತ ಕೆಲವರು. ನನ್ನ ಓಟು ಗಾಲಿಗೆ. ಯಾಕೆ ಅಂದರೆ ಮೂಳೆ ಮೇಲೆ ದುಂಡಗೆ ಕೆತ್ತೋದು ಕಷ್ಟ, ಚಾಕು ಜಾರುತ್ತೆ, ಅಲ್ಲಿ ಎಷ್ಟೋ ಸಲ ಉಂಡೆ ಚೌಕವಾಗಿಬಿಡುತ್ತೆ. ಆದರೆ ಕಂಚಿನ ಪಾತ್ರೆಗೆ ಮಣ್ಣಿನ ಅಚ್ಚು ಮಾಡಿ ಎರಕ ಹೊಯ್ಯೋರು, ಹಸಿ ಮಣ್ಣಲ್ಲಿ ಹೇಗೆ ಬೇಕಾದ್ರೂ ಬಳುಕಿಸಬಹುದು. ಆ ಪಾತ್ರೆಗಳ ಮೇಲೆ ಮಿಂಚಿನ ಗೆರೆ ಸುತ್ತ ನಾಲ್ಕು ದುಂಡನೆಯ ಆಕಾರ ಇವೆ, ಒಂದೊಂದರ ಒಳಗೂ ಅಡ್ಡ ಒಂದು ಕಡ್ಡಿ, ಉದ್ದ ಒಂದು ಕಡ್ಡಿ. ಅದನ್ನ ನೋಡಿದವರು ಗಾಲಿ ಅನ್ನದೆ ಇನ್ನೇನು ಅಂತಾರೆ?

ಕಂಚಿನ ಕಾಲದಲ್ಲೇ ತಲೆ ಮೇಲೆ ಮಳೆ ಬಂದು ಕೂತಿತು. ಮಳೆ ಬಂದ ಮೇಲೆ ಮಿಂಚಿನ ಗೆರೆ ಬೇಡವಾಯ್ತು, ಅದು ಉದುರಿಹೋಯ್ತು. ನಾಲ್ಕು ಗಾಲಿ ಮೂರಾದವು, ಮೇಲೊಂದು, ಕೆಳಗೆರಡು. ಕ್ರಿ.ಶ. 100ರಲ್ಲಿ ಶು ಶೆನ್ ಅನ್ನೋ ಪಂಡಿತ ತನ್ನ ದೊಡ್ಡ ನಿಘಂಟು ಮುಗಿಸಿದಾಗ ಅದರೊಳಗಿನ ಗುಡುಗು ಹೀಗೇ ಇತ್ತು. ಯಿನ್ ಮತ್ತು ಯಾಂಗ್ (ಚೀನಿಯರು ನಂಬೋ, ಒಂದಕ್ಕೊಂದು ಎದುರಾದ ಎರಡು ಶಕ್ತಿಗಳು) ಒಂದಕ್ಕೊಂದು ತಾಕಿದಾಗ ಗುಡುಗು ಮಳೆ ಬರುತ್ತೆ, ಅದರಿಂದ ಜೀವ ಹುಟ್ಟುತ್ತೆ ಅಂತ ಅರ್ಥ ಕೊಟ್ಟು, ಕೆಳಗಿನ ಮೂರು ‘ಸುತ್ತೋ ಆಕಾರ’ ಅಂತ ಬರೆದ. ಹೊಲ ಅನ್ನಲಿಲ್ಲ, ಗಮನಿಸಿ. ಶಾಂಗ್ ಕಾಲದ ಮೂಳೆಬರಹ ಇದು ಅಂತ ವಿದ್ವಾಂಸರು ಗುರುತಿಸಿದ್ದು 1899ರಲ್ಲಿ. ಅದನ್ನ ಕಣ್ಣಿಂದ ನೋಡದೇನೇ ಈತ ಹೇಳಿದ್ದು ಸರಿಹೋಯ್ತು.

ಇನ್ನು ಹಾನ್ ರಾಜವಂಶದ ಕಾಲದ ಗುಮಾಸ್ತರು, ಶು ಶೆನ್ ಇದ್ದದ್ದೂ ಅದೇ ಕಾಲದಲ್ಲಿ. ದಿನವಿಡೀ ಕುಂಚ ಹಿಡಿದು ಲೆಕ್ಕಪತ್ರ ಬರೆಯೋ ಜನ. ಮೂರು ಮೂರು ಗಾಲಿ ಬರೆಯೋಕೆ ಅವರಿಗೆ ಪುರುಸೊತ್ತು ಎಲ್ಲಿದೆ? ಒಂದೇ ಸಾಕು ಅಂತ ಎರಡು ಬಿಟ್ಟರು. ಕುಂಚದ ಓಟದಲ್ಲಿ ದುಂಡಗಿದ್ದದ್ದು ಚೌಕವಾಯ್ತು. ಚೌಕದೊಳಗೆ ಅಡ್ಡ ಒಂದು, ಉದ್ದ ಒಂದು ಗೆರೆ. ಹೊಲದ ಅಕ್ಷರವೂ ಅದೇ ಆಕಾರದ್ದು. ನೋಡೋರಿಗೆ ಎರಡೂ ಒಂದೇ ಆಯ್ತು, ಅದರ ಮೇಲೆ ಹೊಲದ ಕಥೆ ಹುಟ್ಟಿಕೊಂಡಿತು.

ಆ ಮೂರರ ಗುಂಪು ಪೂರ್ತಿ ಸತ್ತಿಲ್ಲ. ಅದರ ಕೆಳಗೆ ಮಣ್ಣು ಅಂತ ಬರೆದರೆ ಕೋಟೆಯ ಗೋಡೆ ಆಗುತ್ತೆ. ಓದೋದು ಲೇಯ್ ಅಂತಲೇ, ದನಿಯ ಏರಿಳಿತ ಮಾತ್ರ ಬೇರೆ. ದುರ್ಗದವರು ಇದನ್ನ ಬರೆದಿಟ್ಟುಕೊಳ್ಳಿ.

ನಿಮ್ಮ ಹುಡುಗನಿಗೆ ಬಯ್ಯಬೇಡಿ. ಮಳೆ, ಹೊಲ, ಗುಡುಗು ಅಂತ ನೆನಪಿಟ್ಟುಕೊಂಡರೆ ಅಕ್ಷರ ಬೇಗ ತಲೆಗೆ ಹತ್ತುತ್ತೆ, ಅಷ್ಟಕ್ಕೆ ಆ ಕಥೆ ಒಳ್ಳೇದೇ. ಅದನ್ನೇ ಇತಿಹಾಸ ಅಂತ ಹೇಳ್ಕೊಂಡು ತಿರುಗೋದು ಬೇಡ. ಇನ್ನೊಂದು ಮಾತು. ಸದ್ದನ್ನ ತಪ್ಪಿಸೋ ಸಾಧನ ಯಾಕೆ ಅಂತ ನಿಮಗೆ ಅನಿಸಬಹುದು. ನಮಗೆ ಸದ್ದಿಗೆ ಗುಡುಗು, ಬೆಳಕಿಗೆ ಮಿಂಚು, ಬಡಿಯೋದಕ್ಕೆ ಸಿಡಿಲು ಅಂತ ಮೂರು ಮಾತಿವೆ. ಚೀನಿಯರಲ್ಲಿ ಲೇಯ್ ಸದ್ದೂ ಹೌದು, ಬಡಿಯೋದೂ ಹೌದು. ಹಾಗಾಗಿ ಡಬ್ಬಿ ಮೇಲಿನ ಮಾತು ಸರಿಯೇ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಡಬ್ಬಿ ಮೇಲೆ ಯಾವ ಅಕ್ಷರ ಇದ್ದರೂ ಏನು ಬಂತು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಕರೆಂಟಿಗೂ ಇದೇ ಅಕ್ಷರ ಬಳಸ್ತಾರಾ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇಲ್ಲಮ್ಮ, ಆದರೆ ಅದರ ಒಡಹುಟ್ಟು. ಮೇಲೆ ಹೇಳಿದ ಬಳುಕು ಗೆರೆ ನೆನಪಿದೆಯಲ್ಲ, ಗುಡುಗಿನ ಅಕ್ಷರದಿಂದ ಉದುರಿದ್ದು? ಅದಕ್ಕೇ ಮಳೆಯ ತಲೆ ಕೂರಿಸಿ ‘ದಿಯೆನ್’ ಅಂತ ಮಾಡಿದರು, ಮಿಂಚು ಅಂತ ಅರ್ಥ. ವಿದ್ಯುತ್ ಬಂದಾಗ ಅದಕ್ಕೂ ಅದೇ ಸಾಕಾಯ್ತು. ಫೋನು ಮಿಂಚಿನ ಮಾತು, ಸಿನಿಮಾ ಮಿಂಚಿನ ನೆರಳು, ಕಂಪ್ಯೂಟರ್ ಮಿಂಚಿನ ಮಿದುಳು, ಎಲ್ಲದಕ್ಕೂ ಮುಂದೆ ದಿಯೆನ್. 1956ರಲ್ಲಿ ಚೀನಾ ಸರ್ಕಾರ ಅಕ್ಷರಗಳನ್ನ ಸುಲಭ ಮಾಡೋಕೆ ಹೊರಟಾಗ ದಿಯೆನ್‌ನ ತಲೆ ಮೇಲಿನ ಮಳೆ ತೆಗೆದುಹಾಕಿದರು. ತೈವಾನ್, ಹಾಂಗ್‌ಕಾಂಗ್‌ನಲ್ಲಿ ಇನ್ನೂ ಮಳೆ ಇಟ್ಟೇ ಬರೀತಾರೆ. ಗುಡುಗನ್ನ ಯಾರೂ ಮುಟ್ಟಲಿಲ್ಲ, ಎಲ್ಲಾ ಕಡೆ ಒಂದೇ ಥರ. ಇನ್ನೊಂದು ವಿಷಯ, ಅದೇ ಬಳುಕು ಗೆರೆ ದೇವರು ಅನ್ನೋ ಅಕ್ಷರದ ಬಲಗಡೆಯೂ ಇದೆ. ಮಿಂಚು ನೋಡಿ ಕೈಮುಗಿದವರು ನಾವು ಮಾತ್ರ ಅಲ್ಲ.

ಪ್ರಶ್ನೆ: ನಮ್ಮದು ಶೇಂಗಾ ಹೊಲ. ನಾವು ಅಶ್ವಿನಿ, ಭರಣಿ, ಕೃತಿಕೆ, ರೋಹಿಣಿ ಅಂತ ಮಳೆ ಲೆಕ್ಕ ಹಾಕೋರು. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಮಾತೇ ಇದೆ. ಅವರಲ್ಲೂ ಹಿಂಗೆ ಏನಾದ್ರೂ ಐತಾ? ಗುಡುಗಿಗೆ ದೇವರು ಯಾರು?
– ಹಿರಿಯ ರೈತರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಇದೆ ಯಜಮಾನ್ರೇ, ತುಂಬಾ ಹತ್ತಿರದ್ದೇ ಇದೆ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೆ ಅಂತ ನೋಡಿ ನಾವು ಮಳೆಗೆ ಹೆಸರು ಇಡ್ತೀವಿ, 27 ನಕ್ಷತ್ರ, ಒಂದೊಂದಕ್ಕೆ 13–14 ದಿನ. ಅವರೂ ಸೂರ್ಯನ ದಾರಿಯನ್ನೇ ಹಿಡಿದು ವರ್ಷವನ್ನ 24 ಪಾಲು ಮಾಡಿದ್ದಾರೆ, ಒಂದೊಂದು ಸುಮಾರು 15 ದಿನ. 2016ರಲ್ಲಿ ಯುನೆಸ್ಕೊ ಈ ಲೆಕ್ಕವನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ಮಳೆ ನಕ್ಷತ್ರಗಳಿಗೆ ಅಂಥ ಪಟ್ಟಿ ಯಾಕೆ ಬೇಡ ಅಂತ ನನಗೆ ಆಗಾಗ ಅನಿಸುತ್ತೆ, ಇರಲಿ. ಮಾರ್ಚ್ 5 ಅಥವಾ 6ಕ್ಕೆ ಶುರುವಾಗೋ ಪಾಲಿಗೆ ‘ಜಿಂಗ್‌ಜ಼’ ಅಂತ ಹೆಸರು. ಚಳಿಗಾಲಕ್ಕೆ ಮಣ್ಣೊಳಗೆ ಮಲಗಿದ ಹುಳು ಹುಪ್ಪಟೆ ಮೊದಲ ಗುಡುಗಿಗೆ ಬೆಚ್ಚಿ ಏಳೋ ಕಾಲ ಅಂತ. ಆಗ ಉಳುಮೆ ಶುರು. ಮೊದಲು ಅದರ ಹೆಸರಲ್ಲಿ ‘ಬೆಚ್ಚೋದು’ ಇರಲಿಲ್ಲ, ‘ತೆರೆಯೋದು’ ಇತ್ತು, ‘ಚೀ’ ಅಂತ. ಒಬ್ಬ ಹಾನ್ ಚಕ್ರವರ್ತಿಯ ಹೆಸರೂ ಅದೇ ಆಗಿಬಿಟ್ಟಿತು. ರಾಜನ ಹೆಸರು ಯಾರೂ ಬಾಯಲ್ಲಿ ಹೇಳೋ ಹಾಗಿಲ್ಲ, ಬರೆಯೋ ಹಾಗಿಲ್ಲ. ನಮ್ಮಲ್ಲಿ ಗಂಡನ ಹೆಸರು ಹೇಳದ ಅಜ್ಜಿಯರು ಇದ್ದರಲ್ಲ, ಆ ಥರ. ಅದಕ್ಕೇ ಹೆಸರು ಬದಲಾಯಿಸಿದರು.

ದೇವರ ಹೆಸರು ಲೇಯ್‌ಗೊಂಗ್. ಹಕ್ಕಿ ಕೊಕ್ಕು, ರೆಕ್ಕೆ, ಕೈಯಲ್ಲಿ ಸುತ್ತಿಗೆ, ಬಡಿಯೋಕೆ ನಗಾರಿ. ಅವನ ಜೊತೆಗೆ ದಿಯೆನ್‌ಮು ಅನ್ನೋ ಮಿಂಚಿನ ತಾಯಿ ಇದ್ದಾಳೆ. ಎರಡೂ ಕೈಯಲ್ಲಿ ಕನ್ನಡಿ. ಅವಳು ಮೊದಲು ಕನ್ನಡಿ ಹೊಳೆಯಿಸಿ ತಪ್ಪು ಮಾಡಿದವರು ಯಾರು ಅಂತ ತೋರಿಸಬೇಕು, ಆಮೇಲೆ ಇವನು ಬಡಿಯಬೇಕು. ಅದಕ್ಕೇ ಮಿಂಚು ಮೊದಲು, ಗುಡುಗು ಆಮೇಲೆ ಅಂತೆ! ನಮ್ಮಲ್ಲಿ ಗುಡುಗಿದಾಗ ದೊಡ್ಡವರು ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತ ಹೆಸರು ಹೇಳಿಸೋದಿಲ್ವಾ, ಅವರಿಗೂ ಅಷ್ಟೇ ಹೆದರಿಕೆ. ಪಾಪ ಮಾಡಿದವನನ್ನೇ ಸಿಡಿಲು ಹುಡುಕಿ ಬಡಿಯುತ್ತೆ ಅನ್ನೋ ನಂಬಿಕೆ ಅಲ್ಲೂ ಗಟ್ಟಿಯಾಗಿತ್ತು.

ಇದನ್ನ ಒಪ್ಪದ ಒಬ್ಬ ಮನುಷ್ಯ ಆಗಲೇ ಇದ್ದ, ಅವನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ವಾಂಗ್ ಚೊಂಗ್ ಅಂತ, ಕ್ರಿ.ಶ. 27ರಲ್ಲಿ ಹುಟ್ಟಿದವನು. ಚಿತ್ರಗಾರರು ಗುಡುಗನ್ನ ಸಾಲಾಗಿ ಕಟ್ಟಿದ ನಗಾರಿಗಳ ಹಾಗೆ ಬರೀತಾರೆ, ಪಕ್ಕದಲ್ಲಿ ಒಬ್ಬ ಪೈಲ್ವಾನನ್ನ ನಿಲ್ಲಿಸ್ತಾರೆ ಅಂತ ಅವನೇ ದಾಖಲು ಮಾಡಿದ್ದಾನೆ. ಮಾಡಿ, ಒಂದೊಂದೇ ಪ್ರಶ್ನೆ ಕೇಳ್ತಾನೆ. ನಗಾರಿ ಸದ್ದು ಮಾಡಬೇಕಾದರೆ ಅದನ್ನ ಎಲ್ಲಾದ್ರೂ ನೇತು ಹಾಕಿರಬೇಕು, ಆಕಾಶದಲ್ಲಿ ಕಂಬ ಎಲ್ಲಿದೆ? ಪೈಲ್ವಾನನ ಕಾಲಿಗೆ ನೆಲ ಎಲ್ಲಿದೆ? ಗುಡುಗು ಅಂದರೆ ಬೆಂಕಿ, ಅಷ್ಟೇ, ಅನ್ನೋದು ಅವನ ವಾದ. ಪುರಾವೆ? ಸಿಡಿಲು ಬಡಿದು ಸತ್ತವರ ತಲೆಗೂದಲು ಸುಟ್ಟಿರುತ್ತೆ, ಚರ್ಮ ಕರಕಲಾಗಿರುತ್ತೆ, ಹೆಣದ ಹತ್ತಿರ ಹೋದರೆ ಸುಟ್ಟ ವಾಸನೆ ಬರುತ್ತೆ. ಕೆಂಪಗೆ ಕಾದ ಕಲ್ಲನ್ನ ನೀರಿಗೆ ಹಾಕಿ ನೋಡಿ, ಹೇಗೆ ಸದ್ದು ಮಾಡುತ್ತೆ ಅಂತಾನೆ. ಸುಮಾರು 1,900 ವರ್ಷದ ಹಿಂದೆ ಇಷ್ಟು ಬಿಡಿಸಿ ಯೋಚಿಸಿದ್ದು ಕಮ್ಮಿ ಮಾತಲ್ಲ. ನಿಮ್ಮ ಕಡೆ ಕುರಿ ಕಾಯೋ ಹುಡುಗರಿಗೆ ಇದನ್ನ ಹೇಳಿ: ಸಿಡಿಲಿಗೆ ಪಾಪ ಪುಣ್ಯ ಗೊತ್ತಿಲ್ಲ, ಬಯಲಲ್ಲಿ ಎತ್ತರಕ್ಕೆ ಇರೋದು ಗೊತ್ತು. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಪ್ರಶ್ನೆ: ಮಾತಿನಲ್ಲಿ ಈ ಲೇಯ್ ಬೇರೆ ಬೇರೆ ಅರ್ಥಕ್ಕೆ ಬರುತ್ತಾ, ನಮ್ಮ ಬರಸಿಡಿಲು ಥರ?
– ಹೈಸ್ಕೂಲ್ ಮೇಷ್ಟ್ರು, ಜಗಳೂರು

ಉತ್ತರ: ಬರುತ್ತೆ ಮೇಷ್ಟ್ರೇ, ರಾಶಿ ಇದೆ. ನೆಲಕ್ಕೆ ಸೇರಿದರೆ ನೆಲಬಾಂಬು, ಮೀನಿಗೆ ಸೇರಿದರೆ ಟಾರ್ಪಿಡೊ. ರೇಡಾರ್ ಕೂಡ ‘ಲೇಯ್‌ದಾ’, ಅಲ್ಲಿ ಗುಡುಗಿನ ಅರ್ಥಕ್ಕಿಂತ ಸದ್ದು ಹೊಂದಿದ್ದು ಮುಖ್ಯ. ಈ ನೆಲಬಾಂಬಿಂದ ಇತ್ತೀಚಿನ ಹುಡುಗರ ಮಾತೂ ಹುಟ್ಟಿದೆ. ಆನ್‌ಲೈನಲ್ಲಿ ಏನೋ ತರಿಸಿ ಅದು ಬೋಗಸ್ ಅಂತ ಗೊತ್ತಾದರೆ ‘ಲೇಯ್ ತುಳಿದೆ’ ಅಂತಾರೆ. ಬೇರೆಯವರಿಗೆ ಎಚ್ಚರಿಕೆ ಕೊಡೋಕೆ ‘ಬೀ–ಲೇಯ್’ ಅಂತ ಬರೀತಾರೆ, ಮಂಡಿಪೇಟೆ ಡಬ್ಬಿ ಮೇಲಿನ ಅದೇ ಎರಡು ಅಕ್ಷರ! 2008ರ ಹೊತ್ತಿಗೆ ‘ಲೇಯ್ ರೆನ್’ ಅಂತ ಒಂದು ಬಂತು, ನೋಡಿದವರು ತಲೆ ಚಚ್ಚಿಕೊಳ್ಳೋ ಹಾಗಿರೋದು ಅಂತ. ಜೋರಾಗಿ ಗುಡುಗಿ ಎರಡು ಹನಿ ಉದುರಿಸಿ ಹೋಗೋದು ಅಂತಲೂ ಒಂದು ಗಾದೆ ಇದೆ, ನಮ್ಮ ಚುನಾವಣೆ ಭಾಷಣಗಳಿಗೆ ಹೇಳಿ ಮಾಡಿಸಿದ್ದು.

ನನಗೆ ಜಾಸ್ತಿ ಇಷ್ಟ ‘ಲೇಯ್‌ತೊಂಗ್’. ಗುಡುಗಿದರೆ ಸುತ್ತಲಿನದೆಲ್ಲ ಒಟ್ಟಿಗೇ ಮಾರ್ದನಿ ಕೊಡುತ್ತಲ್ಲ, ಅದರಿಂದ ಬಂದದ್ದು. ಇನ್ನೊಬ್ಬರು ಹೇಳಿದ್ದನ್ನೇ ಹಾಗೇ ಒಪ್ಪಿಸೋದು ಅಂತ ಅರ್ಥ. ಬೇರೆಯವರ ಮಾತು ಕದಿಯಬೇಡ, ಲೇಯ್‌ತೊಂಗ್ ಮಾಡಬೇಡ ಅಂತ ಹಳೇ ಆಚಾರಗ್ರಂಥ ಲೀಜಿಯಲ್ಲೇ ಇದೆ. ಇವತ್ತು ಅದು ಚೀನೀ ಧಾರಾವಾಹಿಗಳ ಶುರುವಿನಲ್ಲಿ ಕಾಣುತ್ತೆ: ಯಾವುದೇ ಲೇಯ್‌ತೊಂಗ್ ಕಂಡರೆ ಅದು ಬರೀ ಕಾಕತಾಳೀಯ, ಅಂತ. ಕಾಪಿ ಹೊಡೆಯೋ ಮಕ್ಕಳಿಗೆ ನೀವೂ ಹೇಳಬಹುದು.

ಬರಸಿಡಿಲಿಗೆ ಜೋಡಿ ಕೂಡ ಇದೆ. ‘ಬಿಸಿಲ ಆಕಾಶದಿಂದ ಸಿಡಿಲು’ ಅಂತಾರೆ, ಅರ್ಥ ಥೇಟ್ ನಮ್ಮದೇ, ಮಳೆ ಇಲ್ಲದೇ ಬಡಿಯೋದು. ಆದರೆ ಅಲ್ಲಿ ಸಿಡಿಲಿಗೆ ಬರೆಯೋ ಎರಡೂ ಅಕ್ಷರದ ತಲೆ ಮೇಲೆ ಮಳೆ ಕೂತಿದೆ! ಹೆಸರಿನ ವಿಷಯಕ್ಕೆ ಬಂದರೆ, ಲೇಯ್ ಒಂದು ಮನೆತನದ ಹೆಸರೂ ಹೌದು. ನಿಮ್ಮ ಶಾಲೆಯ ಅರ್ಧ ಜನರ ಜೇಬಲ್ಲಿ ಶಿಯೋಮಿ ಫೋನ್ ಇರಬಹುದು. ಆ ಕಂಪನಿ ಕಟ್ಟಿದ ಲೇಯ್ ಜುನ್ ಹೆಸರಿನ ಮೊದಲ ಅಕ್ಷರ ಇದೇ ಗುಡುಗು, ಎರಡನೆಯದು ಸೈನ್ಯ.

ಪ್ರಶ್ನೆ: ಜಪಾನಿನವರೂ ಇದೇ ಅಕ್ಷರ ಬರೀತಾರಂತೆ, ಹೌದಾ?
– ಕಾಲೇಜು ಹುಡುಗ, ಹರಿಹರ

ಉತ್ತರ: ಹೌದು. ಒಂಟಿಯಾಗಿದ್ದರೆ ‘ಕಮಿನಾರಿ’, ಬೇರೆ ಅಕ್ಷರದ ಜೊತೆ ಸೇರಿದಾಗ ಸಾಮಾನ್ಯವಾಗಿ ‘ರೈ’. ಟೋಕಿಯೊದ ಅಸಾಕುಸಾದಲ್ಲಿ ದೊಡ್ಡ ಕೆಂಪು ಲಾಂದ್ರ ನೇತುಹಾಕಿದ ಬಾಗಿಲು ಇದೆ, ಪ್ರವಾಸಿಗರ ಫೋಟೊಗಳಲ್ಲಿ ನೋಡಿರ್ತೀಯ. ಆ ಲಾಂದ್ರದ ಮೇಲಿರೋ ಎರಡು ಅಕ್ಷರದಲ್ಲಿ ಒಂದು ಗುಡುಗು, ಇನ್ನೊಂದು ಬಾಗಿಲು. ಹಳೇ ಬಾಗಿಲು 1865ರಲ್ಲಿ ಸುಟ್ಟುಹೋಗಿತ್ತು. ಈಗಿನದನ್ನ 1960ರಲ್ಲಿ ಕಟ್ಟಿಸಿಕೊಟ್ಟವರು ಪ್ಯಾನಸೋನಿಕ್ ಕಂಪನಿಯ ಸ್ಥಾಪಕ ಮತ್ಸುಶಿತಾ. ಅಲ್ಲಿನ ಗುಡುಗಿನ ದೇವರು ರೈಜಿನ್, ಬೆನ್ನ ಹಿಂದೆ ಬಳೆಯಾಕಾರದಲ್ಲಿ ನಗಾರಿಗಳು. ಗುಡುಗಿದಾಗ ಹೊಟ್ಟೆ ಮುಚ್ಕೋ, ಹೊಕ್ಕಳು ಕಿತ್ಕೊಂಡು ಹೋಗ್ತಾನೆ ಅಂತ ಮಕ್ಕಳಿಗೆ ಹೆದರಿಸ್ತಾರೆ.

ಪ್ರಶ್ನೆ: ನನ್ನ ತಮ್ಮ ಈ ಅಕ್ಷರವನ್ನ ತೋಳಿನ ಮೇಲೆ ಟ್ಯಾಟೂ ಹಾಕಿಸ್ಕೋತೀನಿ ಅಂತ ಹಠ ಹಿಡಿದಿದ್ದಾನೆ. ಅಪ್ಪನಿಗೆ ಗೊತ್ತಾದ್ರೆ ಮನೇಲೇ ಗುಡುಗು. ಹಾಕಿಸ್ಕೊಂಡ್ರೆ ತಪ್ಪು ಅರ್ಥ ಬರಲ್ಲ ತಾನೇ?
– ಅಕ್ಕ, ವಿದ್ಯಾನಗರ, ದಾವಣಗೆರೆ

ಉತ್ತರ: ಅಪ್ಪನ ವಿಷಯ ನೀವೇ ನೋಡ್ಕೊಳ್ಳಿ. ಅಕ್ಷರದಲ್ಲಿ ಕೆಟ್ಟ ಅರ್ಥ ಏನಿಲ್ಲ. ಆದರೆ ಅದರ ತಲೆ ಮೇಲೆ ಹುಲ್ಲಿನ ಗುರುತು ಬಿದ್ದರೆ ಹೂವಿನ ಮೊಗ್ಗು, ಎಡಕ್ಕೆ ಕೈಯ ಗುರುತು ಸೇರಿದರೆ ಕುಟ್ಟೋದು, ಲೋಹದ ಗುರುತು ಸೇರಿದರೆ ರೇಡಿಯಂ. ಟ್ಯಾಟೂ ಅಂಗಡಿಯವರು ಅಂದ ಮಾಡೋಕೆ ಅಂತ ಹೆಚ್ಚಿಗೆ ಗೆರೆ ಎಳೆಯದ ಹಾಗೆ ನೋಡ್ಕೊಳ್ಳಿ. ಒಟ್ಟು 13 ಗೆರೆ ಇರಬೇಕು, ಮಳೆಗೆ 8, ಕೆಳಗಿನ ಚೌಕಕ್ಕೆ 5. ಮಳೆಯ ನಡುಗೆರೆ ಚೌಕಕ್ಕೆ ತಾಕಬಾರದು. ಹನಿಗಳು ಆಚೆ ಎರಡು, ಈಚೆ ಎರಡು. ಚೌಕದ ತಳದ ಗೆರೆ ಕೊನೆಗೆ. ಒಳಗಿನ ಎರಡು ಗೆರೆಯಲ್ಲಿ ಚೀನಿಯರು ಅಡ್ಡಗೆರೆ ಮೊದಲು ಎಳೀತಾರೆ, ಜಪಾನಿನವರು ಉದ್ದಗೆರೆ ಮೊದಲು. ತೋಳಿನ ಮೇಲೆ ಆ ವ್ಯತ್ಯಾಸ ಯಾರಿಗೂ ಕಾಣಲ್ಲ ಬಿಡಿ. ಹಠ ಇನ್ನೂ ಜಾಸ್ತಿಯಾದರೆ ಒಂದು ಉಪಾಯ ಇದೆ. ನಾಲ್ಕು ಗುಡುಗು ಒಟ್ಟಿಗೆ ಪೇರಿಸಿ ಬರೆಯೋ ಅಕ್ಷರವೂ ನಿಘಂಟಲ್ಲಿದೆ, ಗುಡುಗಿನ ಆರ್ಭಟ ಅಂತ ಅರ್ಥ, 52 ಗೆರೆ. ಹಾಕಿಸ್ಕೊಂಡ್ರೆ ಇದನ್ನೇ ಹಾಕಿಸ್ಕೋ ಅನ್ನಿ. ಸೂಜಿ ನೆನೆಸಿಕೊಂಡು ಅವನೇ ಸುಮ್ನಾಗ್ತಾನೆ.